ಕಥೆ ಏನು ಅಂತ ಮಾತ್ರ ಕೇಳ್ಬೇಡಿ

ನಮಗೆ ತುಂಬಾ ಇಷ್ಟವಾದ ಕಾದಂಬರಿ ಒಂದನ್ನ ಶೆಲ್ಫಿಂದ ತೆಗೆದು ಗಿರಾಕಿ ಕೈಗೆ ಕೊಟ್ಟ ತಕ್ಷಣ ಅವರು ಕೇಳೋ ಮೊದಲ ಪ್ರಶ್ನೆ, "ಕಥೆ ಏನು ಇದ್ರಲ್ಲಿ?" ಕೇಳೋದ್ರಲ್ಲಿ ತಪ್ಪೇನಿಲ್ಲ ಬಿಡಿ, ದುಡ್ಡು ಕೊಡೋರು ಅವರು, ನಿದ್ದೆಗೆಟ್ಟು ಓದೋರೂ ಅವರೇ, ಒಳಗೆ ಏನಿದೆ ಅಂತ ಗೊತ್ತಿಲ್ದೇ ಯಾರು ತಗೋತಾರೆ. ಆದ್ರೆ ಪುಸ್ತಕದಂಗಡೀಲಿ ನಿಂತಿರೋ ನನ್ನಂಥೋರಿಗೆ ಆಗ ಮಾತೇ ಹೊರಡಲ್ಲ. ಯಾಕಂದ್ರೆ ಆ ಕಾದಂಬರಿ ಬಗ್ಗೆ ಹೇಳ್ಬೇಕು ಅಂತ ಆಸೆ ಇರೋದೆಲ್ಲ ಹೇಳಬಾರದ ವಿಷಯಗಳೇ. ಧೈರ್ಯವಾಗಿ ಹೇಳಬಹುದಾದ್ದು ಅಂತ ಉಳಿಯೋದು ಪುಟ ಎಷ್ಟು, ಅಕ್ಷರ ದಪ್ಪನಾ ಸಣ್ಣನಾ, ಅಷ್ಟೇ.

ಹಾಗಂತ ಬಾಯಿ ಮುಚ್ಕೊಂಡು ನಿಲ್ಲೋಕಾಗಲ್ವಲ್ಲ. "ಒಂದು ಕುಟುಂಬದ ಕಥೆ ಸರ್" ಅಂತೀನಿ. ಪ್ರಪಂಚದ ಅರ್ಧ ಕಾದಂಬರಿಗಳು ಕುಟುಂಬದ ಕಥೆ, ಉಳಿದರ್ಧ ಕುಟುಂಬ ಬಿಟ್ಟು ಹೋದೋನ ಕಥೆ, ಹಾಗಾಗಿ ಸುಳ್ಳಂತೂ ಹೇಳಿದ ಹಾಗಾಗಲ್ಲ. ಅವರ ಮುಖದಲ್ಲಿ ಏನೂ ಬದಲಾವಣೆ ಇಲ್ಲ. "ಅಣ್ಣ ತಮ್ಮ ಇಬ್ರು, ಅಣ್ಣ ಊರಲ್ಲೇ ಉಳ್ಕೋತಾನೆ..." ಸ್ವಲ್ಪ ಹುಬ್ಬು ಮೇಲೆ ಹೋಗತ್ತೆ. "ತಮ್ಮ ಎಷ್ಟೋ ವರ್ಷ ಆದ್ಮೇಲೆ ವಾಪಸ್ ಬಂದು ಬಾಗಿಲು ತಟ್ಟಿದ್ರೆ..." ಅಂತ ಅನ್ನೋ ಹೊತ್ತಿಗೆ ನಾಲಿಗೆ ಕಚ್ಕೊಂಡು ನಿಲ್ಲಿಸ್ಬೇಕು. ನಿಲ್ಲಿಸೋದು ಅಂದ್ರೆ ತಮಾಷೆ ಅಲ್ಲ, ಅಷ್ಟೊತ್ತಿಗೆ ನಾನು ಆ ಅಧ್ಯಾಯದೊಳಗೇ ಇರ್ತೀನಿ, ಬಾಗಿಲು ಯಾರು ತೆಗೆದ್ರು ಅನ್ನೋದು ಕಣ್ಣಿಗೆ ಕಟ್ಟಿರತ್ತೆ, ಎದುರಿಗಿರೋರಿಗೂ ಅದನ್ನ ಈಗಲೇ ತೋರಿಸ್ಬಿಡ್ಬೇಕು ಅಂತ ಜೀವ ಒದ್ದಾಡತ್ತೆ. "ತಟ್ಟಿದ್ರೆ ಏನಾಗತ್ತೆ?" ಅಂತಾರೆ ಅವರು. "ಏನೇನೋ ಆಗತ್ತೆ ಸರ್" ಅಂತೀನಿ ನಾನು. ಇಂಥ ಪೆದ್ದು ಉತ್ತರ ಕೊಟ್ಟೋರ ಹತ್ರ ಪುಸ್ತಕ ಕೊಂಡ್ಕೊಳ್ಳೋಕೆ ದೊಡ್ಡ ಮನಸ್ಸು ಬೇಕು.

ಕಾದಂಬರಿ ಹೆಸರು ಇಲ್ಲಿ ಹೇಳಲ್ಲ, ಹೇಳಿದ್ರೆ ಬಾಗಿಲಿನ ವಿಷಯ ಆಗ್ಲೇ ಬಾಯಿಬಿಟ್ಟಿರೋದ್ರಿಂದ ನನ್ನ ಕೆಲ್ಸ ನಾನೇ ಕೆಡಿಸಿದ ಹಾಗಾಗತ್ತೆ.

ಕೊನೆ ಹೇಳ್ಬಿಟ್ರೆ ಮಾತ್ರ ಸ್ಪಾಯ್ಲರ್ ಅಂತ ಬಹಳ ಜನ ತಿಳ್ಕೊಂಡಿದಾರೆ. ನನ್ನ ಪ್ರಕಾರ "ಒಂದು ಟ್ವಿಸ್ಟ್ ಇದೆ, ಏನು ಅಂತ ಮಾತ್ರ ಹೇಳಲ್ಲ" ಅನ್ನೋದು ಅದಕ್ಕಿಂತ ದೊಡ್ಡ ಸ್ಪಾಯ್ಲರ್. ಅದನ್ನ ಕೇಳಿಸ್ಕೊಂಡು ಹೋದೋರು ಕಾದಂಬರಿ ಓದಲ್ಲ, ತನಿಖೆ ಮಾಡ್ತಾರೆ. ಪೋಸ್ಟ್‌ಮ್ಯಾನ್ ಸುಮ್ನೆ ಪತ್ರ ಕೊಟ್ಟು ಹೋದ್ರೂ ಇವನ್ಯಾಕೋ ಸರಿ ಇಲ್ಲ ಅಂತ ಅನುಮಾನ. ಇನ್ನು ಟ್ವಿಸ್ಟ್ ಬಂದಾಗ "ಓ ಇದೇನಾ, ನಾನು ಇನ್ನೂ ಏನೋ ಅಂದ್ಕೊಂಡಿದ್ದೆ" ಅಂತ ಬೇಜಾರು. "ಕೊನೇಲಿ ಅತ್ತುಬಿಡ್ತೀರಾ ನೋಡ್ತಿರಿ" ಅನ್ನೋದೂ ಇದೇ ಜಾತಿ. ಅಳು ಬರೋ ಪುಟ ಬಂದಾಗ ಅವರು ಕಣ್ಣು ಒದ್ದೆ ಆಯ್ತಾ ಇಲ್ವಾ ಅಂತ ಚೆಕ್ ಮಾಡ್ಕೋತಿರ್ತಾರೆ, ಪಾತ್ರದ ಕಡೆ ಯಾರು ನೋಡ್ತಾರೆ. "ಈ ಪುಸ್ತಕ ನನ್ನ ಜೀವನಾನೇ ಬದಲಾಯಿಸ್ತು" ಅಂತೂ ಎಲ್ಲಕ್ಕಿಂತ ಕೆಟ್ಟದ್ದು. ಐವತ್ತು ಪುಟ ಆಯ್ತು ಜೀವನ ಇನ್ನೂ ಹಾಗೇ ಇದೆ, ನೂರು ಪುಟ ಆಯ್ತು ಆಗ್ಲೂ ಇಲ್ಲ, ನನಗೇ ಏನೋ ಕೊರತೆ ಇರಬೇಕು ಅಂತ ಆ ಪಾಪದ ಓದುಗ ಪುಸ್ತಕ ಮಡಚಿ ಇಡ್ತಾನೆ. ನಾವು ಕಥೆ ಮುಚ್ಚಿಡೋದ್ರಲ್ಲಿ ಹುಷಾರಾಗೇ ಇರ್ತೀವಿ, ನಮ್ಮ ಪ್ರೀತಿ ಮುಚ್ಚಿಡೋಕೆ ಬರಲ್ಲ ನೋಡಿ, ಹೆಚ್ಚಿನ ಪುಸ್ತಕ ಹಾಳಾಗೋದು ಅಲ್ಲೇ.

ಹಿಂಬದಿ ರಕ್ಷಾಪುಟ ಬರೆಯೋರ ಬಗ್ಗೆ ನನಗೆ ಒಳ್ಳೆ ಅಭಿಪ್ರಾಯ ಇಲ್ಲ. ಕೆಲವ್ರು ನೂರೈವತ್ತನೇ ಪುಟದಲ್ಲಿ ಆಗೋದನ್ನ ಎರಡನೇ ವಾಕ್ಯದಲ್ಲೇ ಬರೆದು ಕೂತಿರ್ತಾರೆ. ಹಳೇ ಕ್ಲಾಸಿಕ್‌ಗಳಿಗೆ ಪ್ರೊಫೆಸರ್‌ಗಳು ಬರೆಯೋ ಮುನ್ನುಡಿಯದ್ದು ಇನ್ನೊಂದು ಕಥೆ, ನಾಯಕಿ ಸಾಯ್ತಾಳೆ ಅಂತ ಮೂರನೇ ಪ್ಯಾರಾದಲ್ಲಿ ಏನೂ ಆಗದವರ ಥರ ಹೇಳಿ ಮುಂದೆ ಹೋಗ್ತಾರೆ, ಪುಸ್ತಕ ಬಂದು ನೂರು ವರ್ಷ ಆಯ್ತಲ್ಲ ಎಲ್ಲರಿಗೂ ಗೊತ್ತಿರತ್ತೆ ಅಂತ. ನೂರು ವರ್ಷ ಆಗಿರೋದು ಪುಸ್ತಕಕ್ಕೆ, ಇವತ್ತು ಮೊದಲ ಸಲ ಕೈಗೆತ್ತಿಕೊಂಡ ಹುಡುಗಿಗೆ ಅಲ್ಲ. ಈಗೀಗ ಕೆಲವು ಪ್ರಕಾಶಕರು ಮೊದಲ ಸಲ ಓದೋರು ಮುನ್ನುಡಿ ಆಮೇಲೆ ಓದಿ ಅಂತ ಎಚ್ಚರಿಕೆ ಹಾಕ್ತಾರೆ, ಅಷ್ಟರಮಟ್ಟಿಗೆ ಪುಣ್ಯಾತ್ಮರು. ನಾನಂತೂ ಗಿರಾಕಿಗೆ ಪುಸ್ತಕ ಕೊಡುವಾಗ ಹಿಂಬದಿ ನನ್ನ ಕಡೆ ಇರೋ ಹಾಗೆ ಹಿಡ್ಕೊಂಡು ಕೊಡ್ತೀನಿ. ಅವರು ತಕ್ಷಣ ತಿರುಗಿಸಿ ಓದ್ತಾರೆ, ಅದು ಬೇರೆ ಮಾತು.

ಇದಕ್ಕೆಲ್ಲ ಸವಾಲು ಹಾಕೋ ಹಾಗೆ ಒಬ್ರು ಮೇಡಂ ಬರ್ತಾರೆ. ಅವರು ಕಥೆ ಏನು ಅಂತ ಕೇಳೋದೇ ಇಲ್ಲ. ಪುಸ್ತಕ ಕೈಗೆ ಸಿಕ್ಕಿದ್ದೇ ನೇರ ಕೊನೇ ಪುಟ. ನಿಂತಲ್ಲೇ, ಬ್ಯಾಗನ್ನ ಮೊಣಕೈಗೆ ಜಾರಿಸಿಕೊಂಡು, ಹೆಬ್ಬೆರಳಲ್ಲಿ ಪುಟದ ಅಂಚನ್ನ ಒತ್ತಿ ಹಿಡಿದು, ಕನ್ನಡಕದ ಕೆಳಗಿನ ಅರ್ಧದಿಂದ ತುಟಿ ಅಲ್ಲಾಡಿಸ್ತಾ ಓದ್ತಾರೆ, ಸಾಲದೇ ಹೋದ್ರೆ ಒಂದು ಪುಟ ಹಿಂದಕ್ಕೂ ಹೋಗ್ತಾರೆ. ಆಮೇಲೆ ಒಂದು "ಹೂಂ". ಆ ಹೂಂ ಕೇಳಿದ್ರೆ ನನಗೆ ಮೈಯೆಲ್ಲಾ ಉರಿಯತ್ತೆ, ಲೇಖಕ ವರ್ಷಗಟ್ಟಲೆ ಕೂತು ಕಟ್ಟಿದ್ದನ್ನ ಅರ್ಧ ನಿಮಿಷದಲ್ಲಿ ಹೂಂ ಅಂದುಬಿಟ್ರಲ್ಲ ಅಂತ. ಒಂದಿನ ತಡೀಲಾರದೆ ಕೇಳೇಬಿಟ್ಟೆ, ಯಾಕೆ ಮೇಡಂ ಹೀಗೆ ಅಂತ. "ಕೊನೆ ಗೊತ್ತಿದ್ರೆ ಆರಾಮಾಗಿ ಓದ್ಬಹುದು ಕಣ್ರೀ. ಇಲ್ದಿದ್ರೆ ಮುಂದೇನು ಮುಂದೇನು ಅಂತ ಓಡ್ತಾ ಇರ್ತೀನಿ, ಮಧ್ಯದಲ್ಲಿ ಏನು ಬರೆದಿದಾರೆ ಅಂತಾನೇ ನೋಡಲ್ಲ" ಅಂದ್ರು.

ವಾದ ಮಾಡೋಣ ಅಂದ್ರೆ ಅವರ ಕಡೆ ಸಾಕ್ಷಿ ಜಾಸ್ತಿನೇ ಇದೆ. 2011ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ಯೂನಿವರ್ಸಿಟಿಯ ಸ್ಯಾನ್ ಡಿಯಾಗೊ ಕ್ಯಾಂಪಸ್‌ನಲ್ಲಿ ಲೆವಿಟ್, ಕ್ರಿಸ್ಟನ್‌ಫೆಲ್ಡ್ ಅನ್ನೋ ಇಬ್ರು 12 ಸಣ್ಣಕಥೆ ತಗೊಂಡು ಒಂದಷ್ಟು ವಿದ್ಯಾರ್ಥಿಗಳಿಗೆ ಹಾಗೇ ಓದೋಕೆ ಕೊಟ್ರು, ಇನ್ನೊಂದಷ್ಟು ಜನಕ್ಕೆ ಕೊನೆ ಮೊದಲೇ ಹೇಳಿ ಕೊಟ್ರು. ನೋಡಿದ್ರೆ ಒಟ್ಟಾರೆ ಕೊನೆ ಗೊತ್ತಿದ್ದೋರೇ ಕಥೆಗೆ ಜಾಸ್ತಿ ಮಾರ್ಕ್ಸ್ ಕೊಟ್ಟಿದ್ರು, ಪತ್ತೇದಾರಿ ಕಥೆಗಳಿಗೂ ಸೇರಿ! ಆಮೇಲೆ ಬೇರೆಯವರು ಮಾಡಿದ ಕೆಲವು ಪ್ರಯೋಗಗಳಲ್ಲಿ ಇದಕ್ಕೆ ಉಲ್ಟಾ ಬಂತು ಅನ್ನೋದು ನನಗೊಂದು ಸಮಾಧಾನ. ಆದ್ರೂ ಪ್ರಯೋಗ ಎಲ್ಲ ಯಾಕೆ, ಮಹಾಭಾರತ ತಗೊಳ್ಳಿ, ದುರ್ಯೋಧನನ ತೊಡೆ ಮುರಿಯತ್ತೆ ಅಂತ ಗೊತ್ತಿಲ್ಲದೇ ಯಾರಾದ್ರೂ ಗದಾಯುದ್ಧ ಕೇಳೋಕೆ ಕೂತಿದಾರಾ. ಟಾಲ್‌ಸ್ಟಾಯ್ ಅಂತೂ 1886ರಲ್ಲಿ ಇವಾನ್ ಇಲಿಚ್‌ನ ಸಾವು ಅಂತ ಹೆಸರಲ್ಲೇ ಹೇಳಿ, ಮೊದಲನೇ ಅಧ್ಯಾಯದಲ್ಲೇ ಅವನ ಸಾವಿನ ಸುದ್ದಿ ಕೊಟ್ಟು, ಆಮೇಲೆ ನಿಧಾನಕ್ಕೆ ಅವನ ಜೀವನ ಶುರು ಮಾಡ್ತಾನೆ, ಅಷ್ಟಾದ್ರೂ ಕೊನೇವರೆಗೂ ಕೈಯಿಂದ ಇಡೋಕಾಗಲ್ಲ. ಷೇಕ್ಸ್‌ಪಿಯರ್ ರೋಮಿಯೋ ಜೂಲಿಯೆಟ್ ಸಾಯ್ತಾರೆ ಅಂತ ಪರದೆ ಎದ್ದ ತಕ್ಷಣ ಅನೌನ್ಸ್ ಮಾಡಿಸ್ತಾನೆ.

ಇನ್ನೊಂದು ಕಡೆ ಅಗಾಥಾ ಕ್ರಿಸ್ಟಿ. 1952ರಿಂದ ಲಂಡನ್‌ನಲ್ಲಿ ಆಡ್ತಿರೋ ಅವರ ಮೌಸ್‌ಟ್ರ್ಯಾಪ್ ನಾಟಕ ಮುಗಿದ ಮೇಲೆ ನಟರೊಬ್ಬರು ಮುಂದೆ ಬಂದು, ಕೊಲೆ ಮಾಡಿದ್ದು ಯಾರು ಅಂತ ಹೊರಗೆ ಯಾರಿಗೂ ಹೇಳ್ಬೇಡಿ ಅಂತ ಪ್ರೇಕ್ಷಕರನ್ನ ಕೇಳ್ಕೋತಾರಂತೆ. ಕೋವಿಡ್ ಬಂದಾಗ ನಿಂತಿದ್ದು ಬಿಟ್ರೆ ಅಷ್ಟು ವರ್ಷದಿಂದ ಇದೇ ಪದ್ಧತಿ. ಇಂಟರ್ನೆಟ್‌ನಲ್ಲಿ ಎರಡು ನಿಮಿಷ ಹುಡುಕಿದ್ರೆ ಉತ್ತರ ಸಿಗತ್ತೆ, ಆದ್ರೂ ಜನ ಹುಡುಕದೆ ಟಿಕೆಟ್ ತಗೊಂಡು ಹೋಗಿ ಕೂರ್ತಾರೆ. ಗೊತ್ತಿಲ್ದೇ ಇರೋದಕ್ಕೂ ದುಡ್ಡು ಕೊಡೋ ಜನ ಇದಾರೆ ಅಂತಾಯ್ತಲ್ಲ. ಟಾಲ್‌ಸ್ಟಾಯ್ ಬೇಕು ಅಂತಲೇ ಮೊದಲು ಹೇಳಿದ, ಕ್ರಿಸ್ಟಿ ಬೇಕು ಅಂತಲೇ ಕೊನೇವರೆಗೂ ಮುಚ್ಚಿಟ್ರು, ಯಾವಾಗ ಏನು ಬಿಟ್ಟುಕೊಡ್ಬೇಕು ಅನ್ನೋದು ಬರೆದವರ ಲೆಕ್ಕಾಚಾರ. ಮಧ್ಯದಲ್ಲಿ ಬಿಲ್ ಹಾಕೋ ನಾನ್ಯಾರು ಆ ಲೆಕ್ಕ ತಿದ್ದೋಕೆ. ಮೇಡಂಗೂ ಇದನ್ನೇ ಹೇಳಿದೆ. "ದುಡ್ಡು ಕೊಟ್ಟಮೇಲೆ ಪುಸ್ತಕ ನಂದು, ಯಾವ ಕಡೆಯಿಂದ ಬೇಕಾದ್ರೂ ಓದ್ತೀನಿ" ಅಂದ್ರು. ಅದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ.

ಹಾಗಾದ್ರೆ ಏನು ಹೇಳ್ಬಹುದು? ನಾನೀಗ ಮಾಡೋದು ಏನಂದ್ರೆ, ಅವರು ಕಥೆ ಕೇಳಿದ ತಕ್ಷಣ ನಾನೇ ಒಂದು ಪ್ರಶ್ನೆ ವಾಪಸ್ ಹಾಕ್ತೀನಿ, ಇತ್ತೀಚೆಗೆ ಅರ್ಧಕ್ಕೇ ಬಿಟ್ಟ ಪುಸ್ತಕ ಯಾವುದು ಅಂತ. ಇಷ್ಟವಾದ ಪುಸ್ತಕ ಯಾವುದು ಅಂತ ಕೇಳಬಾರದು, ಅದಕ್ಕೆ ಜನ ಇಂಟರ್ವ್ಯೂಗೆ ಬಂದೋರ ಥರ ದೊಡ್ಡ ದೊಡ್ಡ ಹೆಸರು ಹೇಳ್ತಾರೆ. ಬಿಟ್ಟ ಪುಸ್ತಕದ ವಿಷಯದಲ್ಲಿ ಯಾರೂ ಸುಳ್ಳು ಹೇಳಲ್ಲ. "ಅಯ್ಯೋ ಅದು, ಬರೀ ಮಳೆ ಮರ ಅಂತ ಹತ್ತು ಪುಟ, ನನಗಾಗ್ಲಿಲ್ಲಪ್ಪ" ಅಂದ್ರೆ ಗೊತ್ತಾಯ್ತು, ನನ್ನ ಪ್ರೀತಿಯ ಕಾದಂಬರಿ ಇವರಿಗಲ್ಲ, ಯಾಕಂದ್ರೆ ಅದ್ರಲ್ಲಿ ಮೊದಲ ಎಂಬತ್ತು ಪುಟ ಹೆಚ್ಚುಕಮ್ಮಿ ಏನೂ ಆಗಲ್ಲ. ಇದನ್ನ ನಾನು ಮುಚ್ಚಿಡಲ್ಲ, ಎದುರಿಗೇ ಹೇಳ್ತೀನಿ, ನಿಧಾನ ಇದೆ ಸರ್, ತಾಳ್ಮೆ ಇದ್ರೆ ಮಾತ್ರ ತಗೊಳ್ಳಿ ಅಂತ. ವ್ಯಾಪಾರಕ್ಕೆ ಇದು ಒಳ್ಳೇದಲ್ಲ ಅಂತ ಮಾಲೀಕರು ಗೊಣಗ್ತಾರೆ, ಆದ್ರೆ ವಿಚಿತ್ರ ಏನಂದ್ರೆ ನಿಧಾನ ಅಂದ ತಕ್ಷಣ ಕೆಲವರಿಗೆ ಆಸೆ ಹುಟ್ಟತ್ತೆ, ನನಗೆ ತಾಳ್ಮೆ ಇಲ್ಲ ಅಂದ್ಕೊಂಡ್ಯಾ ಅನ್ನೋ ಥರ ನೋಡಿ ತಗೊಂಡು ಹೋಗ್ತಾರೆ.

ಇನ್ನೊಂದು ದಾರಿ ಇದೆ, ಮೊದಲ ಪುಟ ಗಟ್ಟಿಯಾಗಿ ಓದೋದು. ಅಲ್ಲಿರೋದನ್ನ ಓದಿದ್ರೆ ಯಾರೂ ಸ್ಪಾಯ್ಲರ್ ಅನ್ನೋ ಹಾಗಿಲ್ಲ, ಲೇಖಕರೇ ಮುಂದೆ ಇಟ್ಟಿರೋದು ತಾನೇ. ನಾಟಕೀಯವಾಗಿ ಓದಬಾರದು, ನ್ಯೂಸ್ ಓದೋರ ಥರಾನೂ ಓದಬಾರದು, ಪಕ್ಕದಲ್ಲಿ ಕೂತೋರಿಗೆ ಮಾತ್ರ ಕೇಳಿಸೋ ಹಾಗೆ ಓದ್ಬೇಕು, ಮತ್ತೆ ಪ್ಯಾರಾ ಮುಗಿಯೋಕೆ ಒಂದು ವಾಕ್ಯ ಇದೆ ಅನ್ನುವಾಗ ನಿಲ್ಲಿಸ್ಬೇಕು. ಆಗ ಅವರ ಕೈ ನೋಡಿ. ಹಿಡಿಸಿದ್ರೆ ಕೈ ತಾನಾಗೇ ಪುಸ್ತಕದ ಕಡೆ ಬರತ್ತೆ, ಇನ್ನೊಂದು ವಾಕ್ಯ ಏನು ಅಂತ ನೋಡೋಕೆ. ಹಿಡಿಸ್ಲಿಲ್ಲ ಅಂದ್ರೆ ಅದೇ ಕೈ ಫೋನ್ ತೆಗೆಯತ್ತೆ. ಕೆಲವರು 99ನೇ ಪುಟ ತೆಗೆದು ಓದಿ, ಪುಸ್ತಕದ ಯೋಗ್ಯತೆ ಗೊತ್ತಾಗತ್ತೆ ಅಂತಾರೆ, ಇಂಗ್ಲಿಷ್ ಲೇಖಕ ಫೋರ್ಡ್ ಮ್ಯಾಡಕ್ಸ್ ಫೋರ್ಡ್ ಹೆಸರಲ್ಲಿ ಓಡಾಡೋ ಸಲಹೆ ಅದು. ನನಗೆ ಅದು ಬೇಡಪ್ಪ, ನನ್ನ ಕಾದಂಬರೀಲಿ ಬಾಗಿಲು ತಟ್ಟೋದು ಅಲ್ಲೇ ಆಸುಪಾಸಲ್ಲಿ ಬರತ್ತೆ.

ಶೆಲ್ಫಿನ ಅಂಚಿಗೆ ಅಂಟಿಸೋ ಕೈಬರಹದ ಚೀಟಿಗಳೂ ಇವೆ, ಅಂಗಡಿಯವರ ಆಯ್ಕೆ ಅಂತ. ಮೂರು ಸಾಲಿನ ಜಾಗ. ಮನಕಲಕುವ, ಹೃದಯಸ್ಪರ್ಶಿ, ಒಂದೇ ಉಸಿರಿಗೆ ಓದಿಸಿಕೊಂಡು ಹೋಗುವ, ಇವು ಮೂರನ್ನೂ ನಾನು ನನಗೇ ನಿಷೇಧ ಮಾಡ್ಕೊಂಡಿದೀನಿ, ಅವನ್ನ ತೆಗೆದ್ರೆ ಎಷ್ಟು ಕಮ್ಮಿ ಪದ ಗೊತ್ತು ನಮಗೆ ಅಂತ ಅರಿವಾಗತ್ತೆ. ಕೆಲವು ಅಂಗಡಿಗಳಲ್ಲಿ ಪುಸ್ತಕನ ಪೂರ್ತಿ ಕಂದು ಕಾಗದದಲ್ಲಿ ಸುತ್ತಿ, ಮೇಲೆ ನಾಲ್ಕು ಪದ ಬರೆದು ಇಟ್ಟಿರ್ತಾರೆ, ಹೆಸರೂ ಇಲ್ಲ ಲೇಖಕರೂ ಇಲ್ಲ. ನನಗೆ ಈ ಐಡಿಯಾ ಬಹಳ ಇಷ್ಟ, ಮೇಡಂಗೆ ಕೊನೇ ಪುಟ ಸಿಗಲ್ಲ ಅನ್ನೋ ಒಂದೇ ಕಾರಣಕ್ಕಾದ್ರೂ.

ಆದ್ರೆ ಒಂದು ಕಡೆ ಮಾತ್ರ ಈ ನಿಯಮ ಎಲ್ಲ ಬದಿಗಿಡ್ತೀನಿ. ಯಾರಾದ್ರೂ ಪುಸ್ತಕ ಕೈಯಲ್ಲಿ ಹಿಡ್ಕೊಂಡು ದನಿ ತಗ್ಗಿಸಿ "ಇದ್ರಲ್ಲಿ ಮಗು ಸಾಯೋ ಥರ ಏನಾದ್ರೂ ಇದ್ಯಾ" ಅಂತಾನೋ, "ಆಸ್ಪತ್ರೆ ಕಥೆ ಅಲ್ವಲ್ಲ" ಅಂತಾನೋ ಕೇಳಿದ್ರೆ ಕಾರಣ ಕೇಳಲ್ಲ, ಇದ್ರೆ ಇದೆ ಅಂತ ಹೇಳ್ತೀನಿ, ಯಾವ ಅಧ್ಯಾಯ ಅಂತಾನೂ ಹೇಳ್ತೀನಿ, ಬೇರೆ ಪುಸ್ತಕ ತೋರಿಸ್ತೀನಿ. ಲೇಖಕರ ಲೆಕ್ಕಾಚಾರ ಕಾಯಬಹುದು. ನಾಯಿ ಸಾಯತ್ತಾ ಅಂತ ಕೇಳೋರೂ ಇದಾರೆ, ಮನುಷ್ಯರು ಎಷ್ಟು ಜನ ಸತ್ರೂ ಪರವಾಗಿಲ್ಲ ನಾಯಿ ಮಾತ್ರ ಉಳೀಬೇಕು ಅಂತ, ಅವರಿಗೂ ಹೇಳ್ತೀನಿ.

ಮಾರಾಟ ಆದ್ಮೇಲೆ ಶುರುವಾಗೋ ಕಷ್ಟ ಇನ್ನೊಂದು ಬಗೆ. ಓದಿ ಮುಗಿಸಿದೋರು ವಾಪಸ್ ಬರ್ತಾರೆ, ಅದೂ ಅಂಗಡಿ ತುಂಬಿರುವಾಗಲೇ. ಮೊನ್ನೆ ಒಬ್ರು ಬಾಗಿಲಲ್ಲೇ "ಏನ್ರೀ, ಆ ಅಣ್ಣ ಹಾಗೆ ಮಾಡ್ತಾನೆ ಅಂತ ನೀವು ಹೇಳ್ಲೇ ಇಲ್ವಲ್ರೀ" ಅಂತ ಜೋರಾಗಿ ಶುರು ಹಚ್ಕೊಂಡ್ರು. ಓದಿದೋರ ಜೊತೆ ಮಾತಾಡೋದು ಅಂದ್ರೆ ನನಗೆ ಪ್ರಾಣ, ಎಷ್ಟು ದಿನದಿಂದ ಒಳಗೇ ಇಟ್ಕೊಂಡಿದ್ದೆಲ್ಲ ಹೇಳ್ಬಹುದು, ಆದ್ರೆ ಶೆಲ್ಫ್ ಹತ್ರ ಅದೇ ಕಾದಂಬರಿ ಹಿಡ್ಕೊಂಡು ಇನ್ನೊಬ್ರು ನಿಂತಿದ್ರು, ನಾನು ಅವರಿಗೆ ಆಗಷ್ಟೇ ಮೊದಲ ಪುಟ ಓದಿ, ಬೇಕಾದ ವಾಕ್ಯದಲ್ಲಿ ನಿಲ್ಲಿಸಿ ಬಂದಿದ್ದೆ. "ಸರ್ ಸರ್, ಈ ಕಡೆ ಬನ್ನಿ, ಒಳಗೆ ಮಾತಾಡೋಣ" ಅಂತ ಅವರ ಕೈ ಹಿಡ್ಕೊಂಡು ಸ್ಟಾಕ್ ಇಡೋ ರೂಮಿನ ಕಡೆ ಎಳೀತಿದ್ರೆ ಅವರಿಗೆ ನನ್ನ ಕಷ್ಟ ಎಲ್ಲಿ ಅರ್ಥ ಆಗ್ಬೇಕು, "ಅಲ್ಲಾ, ಬಾಗಿಲು ತೆಗೆದಾಗಲೇ ನನಗೆ ಅನುಮಾನ ಬಂತು" ಅಂತ ಇನ್ನೂ ಜೋರಾಗಿ ಹೇಳ್ತಿದಾರೆ. ಶೆಲ್ಫ್ ಹತ್ರ ಇದ್ದೋರು ಪುಸ್ತಕದಿಂದ ತಲೆ ಎತ್ತಿ, "ಯಾರು ತೆಗೀತಾರೆ ಬಾಗಿಲು?" ಅಂದ್ರು.