ಬದುಕಿದ್ದೇವೆ ಅಂತ ತೋರಿಸುವ ತಿಂಗಳುಗಳು

ದೀಪಾವಳಿ ಮುಗಿದು ಎಳ್ಳ ಅಮಾವಾಸ್ಯೆ ಬರುವ ತನಕದ ದಿನಗಳಲ್ಲಿ ಬಾಗಲಕೋಟೆ ನವನಗರದ ಯಾವುದೇ ಬ್ಯಾಂಕಿನ ಮುಂದೆ ಬೆಳಿಗ್ಗೆ ಹೋಗಿ ನೋಡಿ. ಶಟರ್ ಏಳುವ ಮೊದಲೇ ಮೆಟ್ಟಿಲ ಮೇಲೆ ಹಿರಿಯರು ಕೂತಿರುತ್ತಾರೆ. ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ, ಅದರೊಳಗೆ ಪಾಸ್‌ಬುಕ್, ಆಧಾರ್, ಮಡಚಿ ಮಡಚಿ ಹರಿದ ಝೆರಾಕ್ಸ್ ಕಾಗದಗಳು, ಒಂದು ಗುಳಿಗಿ ಡಬ್ಬಿ. ಪಿಂಚಣಿ ಪಡೆಯುವವರು ವರ್ಷಕ್ಕೊಮ್ಮೆ ಜೀವನ ಪ್ರಮಾಣಪತ್ರ ಕೊಡಬೇಕು. ಹೆಚ್ಚಿನವರಿಗೆ ಅದು ನವೆಂಬರ್ ತಿಂಗಳು. ಕೊಡದಿದ್ದರೆ ಮುಂದೆ ದುಡ್ಡು ನಿಲ್ಲುತ್ತದೆ. ಹಾಗಾಗಿ ಡಿಸೆಂಬರ್ ಮುಗಿಯುವ ಹೊತ್ತಿಗೆ ಇನ್ನೊಂದು ಗುಂಪು ಬರುತ್ತದೆ, ಪಿಂಚಣಿ ಯಾಕೆ ಜಮಾ ಆಗಿಲ್ಲ ಅಂತ ಕೇಳಲಿಕ್ಕೆ.

ತಪಾಸಣೆಯೇ ಬೇಡ ಅಂತ ನಾನು ಹೇಳುವುದಿಲ್ಲ. ಸತ್ತವರ ಹೆಸರಿನಲ್ಲಿ ಹಣ ಎತ್ತುವವರು ಇದ್ದಾರೆ, ಸರಕಾರ ಅದನ್ನು ತಡೆಯಲೇಬೇಕು. ನನ್ನ ತಕರಾರು ಬೇರೆ. ಊರಿನಲ್ಲಿ ಎಲ್ಲರಿಗಿಂತ ಕಡಿಮೆ ಓಡಾಡಬಲ್ಲವರ ಮೇಲೆಯೇ ಓಡಾಟದ ಭಾರವನ್ನೆಲ್ಲ ಹಾಕಿದ್ದೇವೆ. ಮನೆಯಲ್ಲೇ ಕುಳಿತು ಮುಗಿಸುವ ದಾರಿಗಳು ಇದ್ದರೂ ಅವರಿಗೆ ಹೇಳುವವರಿಲ್ಲ.

ಈ ಸಲ ಕೌಂಟರ್ ಒಂದರಲ್ಲಿ ನನ್ನ ಮುಂದೆ ನಿಂತಿದ್ದ ಆಯಿಯೊಬ್ಬರ ಹೆಬ್ಬಟ್ಟನ್ನು ಮಶೀನು ಓದಲೇ ಇಲ್ಲ. ಹುಡುಗ ಬಟ್ಟೆಯಿಂದ ಗಾಜು ಒರೆಸಿದ, ಮತ್ತೆ ಒತ್ತಿಸಿದ. ಆಯಿ ಸೆರಗಿನಿಂದ ಬೆರಳು ಒರೆಸಿಕೊಂಡರು, ತಲೆಗೂದಲಿಗೆ ಉಜ್ಜಿ ಒಂದಿಷ್ಟು ಎಣ್ಣೆ ಹತ್ತಿಸಿಕೊಂಡು ಮತ್ತೆ ಇಟ್ಟರು. ತೋರುಬೆರಳು, ನಡುಬೆರಳು, ಎಡಗೈ, ಬಲಗೈ. ಪ್ರತಿ ಸಲ ಕೆಂಪು ಗುರುತು. "ಆಯಿ, ಬೆರಳ ತಗೊಳವಲ್ದು. ನಾಳಿಗೆ ಬರ್ರಿ" ಅಂದ. ಆಯಿ ಸಿಟ್ಟಾಗಲಿಲ್ಲ. "ಎಪ್ಪಾ, ರೊಟ್ಟಿ ಬಡದು ಬಡದು ಗೆರಿ ಎಲ್ಲಿ ಉಳದಾವು? ನಾ ನಿನ್ನ ಮುಂದ ನಿಂತೀನಲ್ಲ, ನೋಡು" ಅಂದರು. ಆ ಹುಡುಗನೂ ಪಾಪ ತಲೆ ತಗ್ಗಿಸಿದ. ಅವನ ಕೈಯಲ್ಲಿರುವ ಮಶೀನಿಗೆ ಎದುರು ನಿಂತ ಮನುಷ್ಯ ಕಾಣುವುದಿಲ್ಲ.

ಚಳಿಗಾಲದಲ್ಲಿ ಚರ್ಮ ಒಣಗಿ ಬಿರಿಯುವುದರಿಂದ ಈ ತೊಂದರೆ ಇನ್ನೂ ಹೆಚ್ಚು. ನಮ್ಮ ಜಿಲ್ಲೆಯಲ್ಲಂತೂ ಬೆರಳು ಸವೆಯದ ಕಸುಬು ಯಾವುದಿದೆ? ಗುಳೇದಗುಡ್ಡದಲ್ಲಿ ಖಣ ನೇಯ್ದವರು, ಇಳಕಲ್ಲಿನಲ್ಲಿ ಕುಣಿಮಗ್ಗದ ಮೇಲೆ ಕೂತು ಸೀರೆಯ ತೇಣಿ ಹಾಕಿದವರು, ಕಬ್ಬು ಕಡಿದವರು, ಕಲ್ಲು ಕೆತ್ತಿದವರು. ವಯಸ್ಸಾದಂತೆ ಬೆರಳ ತುದಿಯ ಗೆರೆ ತಾನಾಗಿಯೇ ಮಾಸುತ್ತದೆ, ಅದರ ಮೇಲೆ ಜೀವಮಾನದ ದುಡಿತ.

ಹೀಗಾಗಿ ಇದೊಂದು ಗೊತ್ತಿರಲಿ. ಬೆರಳು ಹೊಂದದಿದ್ದರೆ ಮುಖ ತೋರಿಸಿದರೂ ಆಗುತ್ತದೆ. 2014ರ ನವೆಂಬರ್‌ನಲ್ಲಿ ಶುರುವಾದ ಡಿಜಿಟಲ್ ಜೀವನ ಪ್ರಮಾಣಕ್ಕೆ 2021ರ ನವೆಂಬರ್‌ನಲ್ಲಿ ಮುಖ ಗುರುತಿಸುವ ಸೌಲಭ್ಯ ಸೇರಿತು. ಒಂದು ಆಂಡ್ರಾಯ್ಡ್ ಫೋನು, ಅದರಲ್ಲಿ 'ಜೀವನ್ ಪ್ರಮಾಣ್' ಮತ್ತು 'ಆಧಾರ್ ಫೇಸ್ ಆರ್‌ಡಿ' ಎಂಬ ಎರಡು ಆ್ಯಪ್ ಇದ್ದರೆ ಸಾಕು. ಫೋನು ಪಿಂಚಣಿದಾರರದೇ ಆಗಬೇಕೆಂದಿಲ್ಲ, ಮಗ, ಸೊಸೆ, ಪಕ್ಕದ ಮನೆಯವರ ಫೋನಾದರೂ ನಡೆಯುತ್ತದೆ. ಅದೂ ಆಗದಿದ್ದರೆ ಪೋಸ್ಟ್‌ಮನ್ ಮನೆಗೇ ಬಂದು ಮಾಡಿಕೊಡುವ ಸೇವೆ ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕಿನದ್ದಿದೆ, 70 ರೂಪಾಯಿ ಶುಲ್ಕ. ಕಾಗದದ ಪ್ರಮಾಣಪತ್ರವೂ ರದ್ದಾಗಿಲ್ಲ. ಪಿಂಚಣಿ ಬರುವ ಬ್ಯಾಂಕಿನ ಯಾವ ಶಾಖೆಯಲ್ಲಿ ಬೇಕಾದರೂ ಕೊಡಬಹುದು. 70 ದಾಟಿದವರಿಗೆ ಮನೆ ಬಾಗಿಲಿಗೆ ಸೇವೆ ಕೊಡಲು ಪ್ರಯತ್ನಿಸಬೇಕೆಂದು ರಿಸರ್ವ್ ಬ್ಯಾಂಕು 2017ರ ನವೆಂಬರ್‌ನಲ್ಲೇ ಬ್ಯಾಂಕುಗಳಿಗೆ ತಿಳಿಸಿದೆ, ಜೀವನ ಪ್ರಮಾಣಪತ್ರವೂ ಆ ಸೇವೆಗಳಲ್ಲಿ ಸೇರಿದೆ. ಕೇಂದ್ರ ಸರಕಾರದ ಪಿಂಚಣಿದಾರರಲ್ಲಿ 80 ದಾಟಿದವರು ಅಕ್ಟೋಬರ್ 1ರಿಂದಲೇ ಕೊಡಬಹುದು. ಗಿರಣಿ, ಕಾರ್ಖಾನೆಯಲ್ಲಿ ದುಡಿದು ಭವಿಷ್ಯ ನಿಧಿಯ ಪಿಂಚಣಿ ಪಡೆಯುವವರಿಗೆ ನವೆಂಬರ್ ಕಟ್ಟಳೆಯೇ ಇಲ್ಲ, ಯಾವ ತಿಂಗಳು ಕೊಟ್ಟರೂ ಅಲ್ಲಿಂದ ಒಂದು ವರ್ಷ ನಡೆಯುತ್ತದೆ. ಇಷ್ಟನ್ನೂ ದೊಡ್ಡ ಅಕ್ಷರದಲ್ಲಿ ಬರೆದು ಪ್ರತಿ ಬ್ಯಾಂಕಿನ ಬಾಗಿಲಿಗೆ ಹಚ್ಚಬೇಕು. ನಾನು ನೋಡಿದ ಕಡೆ ಎಲ್ಲೂ ಹಚ್ಚಿರಲಿಲ್ಲ.

ನಮ್ಮ ಅತ್ತೆಯವರಿಗೆ ಮನೆಯಲ್ಲೇ ಮಾಡಿಸಿದೆ. ಬೆಳಗಿನ ಬಿಸಿಲು ಚೆನ್ನಾಗಿ ಬೀಳುವ ಮಾಳಿಗೆ ಮೇಲೆ ಕುರ್ಚಿ ಹಾಕಿದೆ. ಫೋಟೋ ತೆಗೆಯುತ್ತಾರೆಂದು ಅವರು ತಲೆ ಬಾಚಿ, ವಿಭೂತಿ ಹಚ್ಚಿಕೊಂಡು, ಪೆಟ್ಟಿಗೆಯಲ್ಲಿದ್ದ ಇಳಕಲ್ ಸೀರೆ ಉಟ್ಟು ಬಂದರು. ಚಾಳೀಸು ತೆಗೆಸಿದೆ. ಫೋನು ಕಣ್ಣು ಮಿಟುಕಿಸಿ ಅನ್ನುತ್ತದೆ, ಇವರು ಫೋಟೋಕ್ಕೆ ಕೂತ ಹಾಗೆ ಕಣ್ಣು ಅಗಲಿಸಿಕೊಂಡು ಕೂತುಬಿಟ್ಟಿದ್ದಾರೆ. "ಅತ್ತೀ, ಕಣ್ಣ ಪಿಳಿಪಿಳಿ ಮಾಡ್ರಿ" ಅಂದ ಮೇಲೆ ಆಯಿತು. ಮೆಸೇಜು ಬಂತು. "ಇಷ್ಟಕ್ಕ ನಿಮ್ಮ ಮಾವನ್ನ ಕಡೀ ವರ್ಷ ಆಟೋದಾಗ ಹೊತಗೊಂಡು ಹೋಗಿದ್ರಲ್ಲವಾ" ಅಂದರು. ಮಾವ ಆಗಲೇ ಪಾರ್ಶ್ವವಾಯುವಿನಿಂದ ಒಂದು ಬದಿ ಬಿದ್ದಿದ್ದರು.

ವರ್ಷದ ಕೊನೆಯ ಚಳಿಯ ಬಗ್ಗೆಯೂ ಹೇಳಬೇಕು. ಬಾಗಲಕೋಟೆ, ವಿಜಯಪುರ ಅಂದರೆ ಬಿಸಿಲನಾಡು ಅಂತಲೇ ಹೊರಗಿನವರಿಗೆ ಗೊತ್ತು. ಡಿಸೆಂಬರ್ ಬೆಳಗಿನಲ್ಲಿ ಇಲ್ಲಿ ಉಷ್ಣಾಂಶ ಹತ್ತು ಡಿಗ್ರಿಯ ಕೆಳಗೆ ಇಳಿಯುವುದೂ ಉಂಟು. ಥಂಡಿಗೆ ರಕ್ತನಾಳಗಳು ಬಿಗಿಯುತ್ತವೆ, ಬಿಪಿ ಏರುತ್ತದೆ, ಬೆಳಗಿನ ಜಾವದಲ್ಲಿ ಹೃದಯದ ಮೇಲೆ ಹೊರೆ ಹೆಚ್ಚು. ಐದು ಗಂಟೆಗೆ ಎದ್ದು ತಣ್ಣೀರು ಸ್ನಾನ ಮಾಡಿ ಗುಡಿಗೆ ಹೋಗುವ ರೂಢಿಯ ಹಿರಿಯರಿಗೆ ಬಿಸಿಲು ಬಂದ ಮೇಲೆ ಹೋಗಿ ಅಂತ ಹೇಳಿ. ಅವರು ಒಪ್ಪುವುದಿಲ್ಲ, ಆದರೂ ಹೇಳಿ.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ನೀರು. ಚಳಿಯಲ್ಲಿ ನೀರಡಿಕೆ ಆಗುವುದಿಲ್ಲ, ಮೊದಲೇ ಕಡಿಮೆ ಕುಡಿಯುತ್ತಾರೆ. ಬ್ಯಾಂಕಿಗೋ ತಹಸೀಲ್ದಾರ್ ಕಚೇರಿಗೋ ಹೋಗುವ ದಿನ ನಮ್ಮ ಹೆಣ್ಣುಮಕ್ಕಳು ಒಂದು ಗುಟುಕೂ ಕುಡಿಯುವುದಿಲ್ಲ. ಬಿಪಿಗೆಂದು ಕೊಟ್ಟ, ಮೂತ್ರ ಹೆಚ್ಚು ಹೋಗಿಸುವ ನೀರಿನ ಗುಳಿಗಿಯನ್ನೂ ಅವತ್ತು ಬಿಡುತ್ತಾರೆ. ಕಾರಣ ಯಾರನ್ನು ಕೇಳಿದರೂ ಒಂದೇ: ಅಲ್ಲಿ ಹೋಗಲಿಕ್ಕೆ ಜಾಗ ಇರುವುದಿಲ್ಲ, ಇದ್ದರೂ ಬೀಗ ಹಾಕಿರುತ್ತದೆ. ಎಪ್ಪತ್ತೈದರ ಹೆಂಗಸು ಮೂರು ತಾಸು ಸಾಲಿನಲ್ಲಿ ನಿಂತು, ಗುಳಿಗಿ ನುಂಗದೆ, ನೀರು ಕುಡಿಯದೆ ಮನೆಗೆ ಬರುತ್ತಾಳೆ. ಮರುದಿನ ಉರಿಮೂತ್ರ, ಜ್ವರ. ಡಾಕ್ಟರು ನೀರು ಜಾಸ್ತಿ ಕುಡಿಯಿರಿ ಅಂತ ಚೀಟಿ ಬರೆಯುತ್ತಾರೆ. ಹಿರಿಯರಿಗೆ ಸಾವಿರ ಯೋಜನೆ ಘೋಷಿಸುವುದಕ್ಕಿಂತ ಪ್ರತಿ ಕಚೇರಿಯಲ್ಲಿ ಬೀಗವಿಲ್ಲದ ಒಂದು ಶೌಚಾಲಯ, ಹಿಡಿದುಕೊಳ್ಳಲು ಗೋಡೆಗೊಂದು ಕಂಬಿ ಮೊದಲು ಆಗಲಿ. ನಾನು ಇದನ್ನು ಬಹಳ ಗಂಭೀರವಾಗಿ ಹೇಳುತ್ತಿದ್ದೇನೆ.

ಜೊತೆಗೆ ಹೋಗುವ ಮಕ್ಕಳೆಲ್ಲಿ ಅಂತ ಕೇಳುವವರಿದ್ದಾರೆ. ಇದೇ ತಿಂಗಳಲ್ಲಿ ನಮ್ಮ ಭಾಗದ ಹಳ್ಳಿ, ತಾಂಡಾಗಳು ಖಾಲಿಯಾಗುತ್ತವೆ. ಕಬ್ಬು ಕಡಿಯುವ ಟೋಳಿಗಳು ದೀಪಾವಳಿ ಆಸುಪಾಸಿನಲ್ಲೇ ಹೊರಡುತ್ತವೆ. ಉಳಿದವರು ಗೋವಾ, ಪುಣೆ, ಮಂಗಳೂರು, ಬೆಂಗಳೂರು. ಊರಲ್ಲಿ ಮುದುಕರು, ಸಾಲೆಗೆ ಹೋಗುವ ಮೊಮ್ಮಕ್ಕಳು, ಎರಡು ಎಮ್ಮೆ. ಆಧಾರ್‌ಗೆ ಜೋಡಿಸಿದ ಮೊಬೈಲು ಮಗನದು, ಅದು ಪುಣೆಯಲ್ಲಿ ಕಟ್ಟಡದ ಆರನೇ ಮಾಳಿಗೆಯಲ್ಲಿ ಅವನ ಕಿಸೆಯಲ್ಲಿರುತ್ತದೆ. ಇಲ್ಲಿ ಕೌಂಟರಿನವರು ಒಟಿಪಿ ಹೇಳ್ರಿ ಅನ್ನುತ್ತಾರೆ. ಅಜ್ಜ ಫೋನು ಹಚ್ಚುತ್ತಾನೆ, ಮಗ ಎತ್ತುವುದರೊಳಗೆ ಒಟಿಪಿಯ ಹೊತ್ತು ಮುಗಿದಿರುತ್ತದೆ.

ರಾಜ್ಯ ಸರಕಾರ ಹಿರಿಯರಿಗೆ ಕೊಡುವ ಸಂಧ್ಯಾ ಸುರಕ್ಷಾ ಪಿಂಚಣಿ ಹಣದ ಗೊಂದಲವೂ ಹೀಗೆಯೇ. ಆಧಾರ್ ಮೂಲಕ ಬರುವ ಹಣ ಕೊನೆಯದಾಗಿ ಯಾವ ಖಾತೆಗೆ ಆಧಾರ್ ಜೋಡಿಸಿದ್ದಾರೋ ಅಲ್ಲಿಗೆ ಹೋಗುತ್ತದೆ. ಬೇರೆ ಯಾವುದೋ ಯೋಜನೆಗೆಂದು ಹೊಸ ಖಾತೆ ತೆಗೆಸಿ ಅಲ್ಲಿ ಆಧಾರ್ ಜೋಡಿಸಿದರೆ ಪಿಂಚಣಿಯೂ ಅತ್ತ ತಿರುಗಬಹುದು. ಹಳೆಯ ಪಾಸ್‌ಬುಕ್ ಹಿಡಿದು ತಿಂಗಳುಗಟ್ಟಲೆ ರೊಕ್ಕ ಬಂದಿಲ್ಲ ಅಂತ ಅಲೆಯುವವರ ರೊಕ್ಕ ಇನ್ನೊಂದು ಬ್ಯಾಂಕಿನಲ್ಲಿ ಸುಮ್ಮನೆ ಕೂತಿರುತ್ತದೆ. ನಿಮ್ಮ ಓಣಿಯಲ್ಲಿ ಯಾರದಾದರೂ ನಿಂತಿದ್ದರೆ ಮೊದಲು ಇದನ್ನು ವಿಚಾರಿಸಿ.

ಇನ್ನು ಆ ರೊಕ್ಕವಾದರೂ ಎಷ್ಟು? 65 ದಾಟಿದವರ ಸಂಧ್ಯಾ ಸುರಕ್ಷಾ ತಿಂಗಳಿಗೆ 1,200 ರೂಪಾಯಿ. ಭವಿಷ್ಯ ನಿಧಿ ಪಿಂಚಣಿಯ ಕನಿಷ್ಠ ಮೊತ್ತ 2014ರಲ್ಲಿ 1,000 ರೂಪಾಯಿ ಅಂತ ನಿಗದಿಯಾದದ್ದು. ಕೇಂದ್ರದ ವೃದ್ಧಾಪ್ಯ ವೇತನದಲ್ಲಿ 80ರೊಳಗಿನವರಿಗೆ ಕೇಂದ್ರ ಕೊಡುವ ಪಾಲು 200 ರೂಪಾಯಿ, 2007ರಿಂದ ಅಷ್ಟೇ ಇತ್ತು. ಸಕ್ಕರೆ ಕಾಯಿಲೆ, ಬಿಪಿ ಎರಡೂ ಇದ್ದ ಮನುಷ್ಯನಿಗೆ ತಿಂಗಳ ಗುಳಿಗಿಗೆ ಎಷ್ಟು ಬೇಕೆಂದು ಮನೆಯಲ್ಲಿ ಹಿರಿಯರಿರುವ ಎಲ್ಲರಿಗೂ ಗೊತ್ತು. ಡಿಸೆಂಬರ್‌ನಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ನಡೆಯುತ್ತದೆ. ಉತ್ತರ ಕರ್ನಾಟಕದ ಸಮಸ್ಯೆ ಅಂದಾಗ ನೀರಾವರಿ, ರಸ್ತೆ, ಕಬ್ಬಿನ ದರ ಎಲ್ಲ ಬರುತ್ತವೆ, ಬರಬೇಕು ಕೂಡ. ಈ 1,200 ರೂಪಾಯಿಯ ಬಗ್ಗೆ ಅಲ್ಲಿ ಒಂದು ಪೂರ್ತಿ ದಿನ ಚರ್ಚೆಯಾಗಲಿ ಅಂತ ನನ್ನ ಆಸೆ.

ನವನಗರದ ಹಿರಿಯರ ಕಥೆಯಲ್ಲಿ ಇನ್ನೊಂದು ಎಳೆ ಇದೆ, ಬೇರೆ ಊರಿನವರಿಗೆ ಅದು ತಿಳಿಯಲಿಕ್ಕಿಲ್ಲ. ನಮ್ಮದು ಮುಳುಗಡೆ ಊರು. ಆಲಮಟ್ಟಿ ಜಲಾಶಯದ ಹಿನ್ನೀರಿಗೆ ಹಳೆ ಬಾಗಲಕೋಟೆಯ ದೊಡ್ಡ ಭಾಗ ಹೋಯಿತು, ನಲವತ್ತು ಐವತ್ತರ ವಯಸ್ಸಿನಲ್ಲಿ ಗಂಟುಮೂಟೆ ಕಟ್ಟಿಕೊಂಡು ಸೆಕ್ಟರುಗಳಿಗೆ ಬಂದವರು ಈಗ ಎಪ್ಪತ್ತು ದಾಟಿದ್ದಾರೆ. ಅಲ್ಲಿ ಓಣಿಗಳಿದ್ದವು, ಕಿಲ್ಲಾ, ಜೈನಪೇಟೆ, ವೆಂಕಟಪೇಟೆ. ಕಟ್ಟೆಯ ಮೇಲೆ ಕೂತವನಿಗೆ ದಿನಕ್ಕೆ ಊರಿನ ಅರ್ಧ ಜನ ಕಣ್ಣಿಗೆ ಬೀಳುತ್ತಿದ್ದರು. ಇಲ್ಲಿ ಅಗಲ ರಸ್ತೆ, ಕಾಂಪೌಂಡು, ಗೇಟು. ಪಕ್ಕದ ಮನೆಯವರನ್ನು ಕೂಗಿದರೂ ಅವರಿಗೆ ಕೇಳುವುದಿಲ್ಲ. ಓಣಿಯಿದ್ದಾಗ ಯಾರೋ ಒಬ್ಬ ಹುಡುಗ "ಬಾ ಅಜ್ಜಾ, ನಾನೂ ಅಲ್ಲೇ ಹೊಂಟೀನಿ" ಅಂತ ಕರೆದುಕೊಂಡು ಹೋಗುತ್ತಿದ್ದ. ಪರಿಹಾರದ ಲೆಕ್ಕದಲ್ಲಿ ಮನೆ, ಹೊಲ ಹಿಡಿದರು, ಆ ಹುಡುಗನನ್ನು ಹಿಡಿಯಲಿಲ್ಲ.

ಎಳ್ಳ ಅಮಾವಾಸ್ಯೆಗೆ ಮಕ್ಕಳು ಬರುತ್ತಾರೆ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಕಡಬು, ಎಣ್ಣಿ ಬದನೆಕಾಯಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಭೂತಾಯಿಗೆ ಎಡೆಯಾಗಿ ಚರಗ ಚೆಲ್ಲುತ್ತಾರೆ. ಆ ಒಂದು ದಿನಕ್ಕೆ ಹಿರಿಯ ಜೀವಗಳು ವಾರದಿಂದ ಸಜ್ಜಾಗಿರುತ್ತವೆ. ನೋವು ಕೊಡುವ ಸಂಗತಿ ಅಂದರೆ, ಎಷ್ಟೋ ಮನೆಗಳಲ್ಲಿ ಅದೇ ದಿನ ಊಟವಾದ ಮೇಲೆ ಹೊಲ ಹೆಸರಿಗೆ ಹಚ್ಚಿಕೊಡು ಎಂಬ ಮಾತು ಬರುತ್ತದೆ. ಕೊಡುವುದು ಬಿಡುವುದು ಅವರವರ ಇಷ್ಟ. ಕೊಡುವುದೇ ಆದರೆ ದಾನಪತ್ರದಲ್ಲಿ ನನ್ನನ್ನು ಕೊನೆತನಕ ನೋಡಿಕೊಳ್ಳಬೇಕು ಎಂಬ ಷರತ್ತನ್ನು ಬರೆಸಿ. 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮಿನಂತೆ, ಷರತ್ತು ಇದ್ದೂ ನೋಡಿಕೊಳ್ಳದಿದ್ದರೆ ಆ ವರ್ಗಾವಣೆಯನ್ನು ರದ್ದು ಮಾಡಿಸಬಹುದು. ಅರ್ಜಿ ಕೊಡಬೇಕಾದದ್ದು ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ. ಸಹಾಯ ಬೇಕಾದರೆ ಹಿರಿಯರ ಸಹಾಯವಾಣಿ 14567. ಇದನ್ನು ಹೇಳಿದರೆ ಮನೆ ಒಡೆಯುತ್ತೀಯಾ ಅಂತ ನನ್ನನ್ನು ಕೇಳಿದವರಿದ್ದಾರೆ. ತಾಯಿಗೆ ಒಂದು ಸಾಲಿನ ಭದ್ರತೆ ಬರೆದುಕೊಟ್ಟರೆ ಒಡೆಯುವ ಮನೆ ಮೊದಲೇ ಒಡೆದಿರುತ್ತದೆ.

ಫೋನಿನ ಮೋಸದ ಬಗ್ಗೆ ಮನೆಯಲ್ಲಿ ಬಾಯಿಬಿಟ್ಟು ಮಾತಾಡಿ. ಜೀವನ ಪ್ರಮಾಣಪತ್ರ ನಾವೇ ಮಾಡಿಕೊಡುತ್ತೇವೆ, ಒಟಿಪಿ ಹೇಳಿ ಅಂತ ಕರೆ ಬರುವುದು ಇದೇ ಸಮಯದಲ್ಲಿ. ಪೊಲೀಸರೆಂದು ಹೇಳಿ ವಿಡಿಯೋ ಕರೆಯಲ್ಲೇ ಹೆದರಿಸಿ ಕೂರಿಸುವವರೂ ಇದ್ದಾರೆ. 2025ರಲ್ಲಿ ಖಾನಾಪುರ ತಾಲೂಕಿನ ವೃದ್ಧ ದಂಪತಿ ಇಂಥ ಮೋಸಕ್ಕೆ ಸಿಕ್ಕು ಜೀವವನ್ನೇ ಕಳೆದುಕೊಂಡರು. ಅವರಿಗೆ ಯಾರ ಮುಂದೆಯೂ ಹೇಳಿಕೊಳ್ಳಲು ಆಗಲಿಲ್ಲವಲ್ಲ ಅನ್ನುವುದು ನನ್ನನ್ನು ಇನ್ನೂ ಬಿಟ್ಟಿಲ್ಲ. ಯಾವ ಪೊಲೀಸರೂ ಫೋನಿನಲ್ಲಿ ಬಂಧಿಸುವುದಿಲ್ಲ. ದುಡ್ಡು ಹೋದ ತಕ್ಷಣ 1930ಕ್ಕೆ ಫೋನು ಮಾಡಿ. ಅದಕ್ಕೂ ಮೊದಲು, ಹೋದರೆ ಹೋಯಿತು, ನಿನಗೆ ಯಾರೂ ಬೈಯುವುದಿಲ್ಲ ಅಂತ ಮನೆಯ ಹಿರಿಯರಿಗೆ ಇವತ್ತೇ ಹೇಳಿಡಿ.

ಇಷ್ಟೆಲ್ಲ ಕಾಗದ, ಗುಳಿಗಿ, ರೊಕ್ಕದ ಮಾತಾಯಿತು. ನಮ್ಮ ಅತ್ತೆಗೆ ವರ್ಷದ ಕೊನೆಗೆ ನಿಜವಾಗಿ ಬೇಕಾಗಿರುವುದು ವಿಜಯಪುರದ ಜ್ಞಾನಯೋಗಾಶ್ರಮಕ್ಕೆ ಹೋಗಿ ಬರುವುದು. ಸಿದ್ಧೇಶ್ವರ ಶ್ರೀಗಳು 2023ರ ಜನವರಿ 2ರಂದು ಲಿಂಗೈಕ್ಯರಾದ ಮೇಲೆ ಆ ದಿನಗಳು ಬಂದರೆ ಅವರ ಮನಸ್ಸು ಅಲ್ಲೇ ಇರುತ್ತದೆ. ಮುಂಜಾನೆಯ ಪ್ರವಚನಕ್ಕೆ ಓಡಿ ಹೋಗಿ ಮುಂದಿನ ಸಾಲಿನಲ್ಲಿ ಕೂತವರು ಅವರು. 2023ರ ಜೂನ್‌ನಿಂದ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ಟಿಲ್ಲ, ಅದು ದೊಡ್ಡ ಉಪಕಾರವೇ. ಆದರೆ ಮೊದಲ ಮೆಟ್ಟಿಲು ಅವರ ಮೊಣಕಾಲಿಗಿಂತ ಎತ್ತರ, ಹತ್ತಿದರೂ ಕೂರಲು ಸೀಟು ಸಿಗುವ ಖಾತ್ರಿ ಇಲ್ಲ. ಈ ಸಲ ನಾವೇ ಕರೆದುಕೊಂಡು ಹೋಗುತ್ತಿದ್ದೇವೆ, ಓಣಿಯ ಇನ್ನಿಬ್ಬರು ಆಯಿಗಳೂ ಬರುತ್ತಾರೆ.

ಅದಕ್ಕೂ ಮೊದಲು ಬರುವ ರವಿವಾರ ಬೆಳಿಗ್ಗೆ ಹತ್ತರಿಂದ ನಾನು ಮತ್ತು ಪಕ್ಕದ ಮನೆಯ ಕಾಲೇಜು ಹುಡುಗ ನಮ್ಮ ಮನೆಯ ಪಡಸಾಲೆಯಲ್ಲಿ ಫೋನು ಹಿಡಿದು ಕೂರುತ್ತೇವೆ. ಜೀವನ ಪ್ರಮಾಣ ಬಾಕಿ ಇದ್ದವರು, ಪಿಂಚಣಿ ನಿಂತವರು ಬರಬಹುದು. ನಿಂತದ್ದು ಮುಳುಗಿ ಹೋಗುವುದಿಲ್ಲ, ಪ್ರಮಾಣ ಕೊಟ್ಟ ಮೇಲೆ ಬಾಕಿ ಸಮೇತ ಬರುತ್ತದೆ, ಗಾಬರಿಯಾಗಬೇಡಿ. ಬರುವಾಗ ಆಧಾರ್, ಪಾಸ್‌ಬುಕ್, ಪಿಪಿಒ (ಪಿಂಚಣಿ ಪಾವತಿ ಆದೇಶ) ನಂಬರ್ ಇರುವ ಕಾಗದ ತನ್ನಿ. ಮೆಸೇಜು ಬರುವ ಮೊಬೈಲು ಮಗನ ಹತ್ತಿರ ಇದ್ದರೆ, ಆ ಹೊತ್ತಿಗೆ ಫೋನು ಕೈಯಲ್ಲೇ ಇಟ್ಟುಕೊಂಡಿರಲು ಅವನಿಗೆ ಮೊದಲೇ ಹೇಳಿಡಿ. ಮೆಟ್ಟಿಲು ಹತ್ತಲಾಗದವರು ಯಾರಿಂದಲಾದರೂ ಹೇಳಿ ಕಳಿಸಿ, ನಾವೇ ಮನೆಗೆ ಬರುತ್ತೇವೆ.