ಟಿವಿ ದೇವರಿಗೆ ಪ್ರಭಾವಳಿ

ಈಚೆಗೆ ಯಾವ ಗೃಹಪ್ರವೇಶಕ್ಕೆ ಹೋದರೂ ಕೋಸಂಬರಿಗಿಂತ ಮೊದಲು ಟಿವಿ ಗೋಡೆಯ ದರ್ಶನ. ಯಜಮಾನರು ರಿಮೋಟ್ ಒತ್ತುತ್ತಾರೆ, ಟಿವಿಯ ಬೆನ್ನಿಗೆ ಅಂಟಿಸಿದ ಎಲ್‌ಇಡಿ ಸ್ಟ್ರಿಪ್ಪಿನಿಂದ, ಅಂದರೆ ಪುಟ್ಟ ದೀಪಗಳ ಪಟ್ಟಿಯಿಂದ, ನೇರಳೆ ಬೆಳಕು ಉಕ್ಕುತ್ತದೆ. ಇನ್ನೊಂದು ಗುಂಡಿಗೆ ಗಿಳಿಹಸಿರು. ಆ ರಿಮೋಟಿನಲ್ಲಿ ಸ್ಟ್ರೋಬ್ ಅಂತಲೂ, ಅಂದರೆ ಬೆಳಕನ್ನು ಪಟಪಟ ಮಿಂಚಿಸುವ, ಒಂದು ಗುಂಡಿ ಇದೆ, ಒತ್ತಿದರೆ ಹಾಲ್ ಪೂರ್ತಿ ಆರ್ಕೆಸ್ಟ್ರಾ. ‘ಕಣ್ಣಿಗೆ ತುಂಬಾ ಒಳ್ಳೇದಂತೆ ಸಾರ್’ ಎಂಬ ವಿವರಣೆ ಬೇರೆ.

ಒಳ್ಳೇದು ಹೌದು. ಕತ್ತಲ ಕೋಣೆಯಲ್ಲಿ ಪರದೆ ಒಂದೇ ಉರಿಯುತ್ತಿದ್ದರೆ, ದೃಶ್ಯ ಬೆಳಗಿದಾಗಲೆಲ್ಲ ಕಣ್ಣಿನ ಪಾಪೆ ಕುಗ್ಗಬೇಕು, ಕಪ್ಪಾದಾಗ ಹಿಗ್ಗಬೇಕು. ಹಿಂದಿನ ಗೋಡೆಯಲ್ಲಿ ಮಂದ ಬೆಳಕಿದ್ದರೆ ಈ ಬಸ್ಕಿ ಕಡಿಮೆಯಾಗುತ್ತದೆ. ಪಕ್ಕದಲ್ಲಿ ಬೆಳಕಿರುವುದರಿಂದ ಪರದೆಯ ಕಪ್ಪು ಇನ್ನಷ್ಟು ಕಪ್ಪಾಗಿ ಕಾಣುವುದು ಮೇಲಿನ ಲಾಭ. ಆದರೆ ಆ ಬೆಳಕು ಬಿಳಿಯಾಗಿರಬೇಕು. 6500 ಕೆಲ್ವಿನ್, ಅಂದರೆ ಚಿತ್ರಕ್ಕೆ ಬಣ್ಣ ಕೂರಿಸುವವರು ಅಳತೆಗೋಲಾಗಿ ಇಟ್ಟುಕೊಳ್ಳುವ ಬಿಳಿ. ಸಿಆರ್‌ಐ, ಅಂದರೆ ದೀಪ ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬುದಕ್ಕೆ ನೂರರಲ್ಲಿ ಕೊಡುವ ಅಂಕ, 90ರ ಮೇಲಿರಬೇಕು. ಗೋಡೆಯ ಹೊಳಪು ಪರದೆಯ ಪೂರ್ಣ ಬಿಳಿಯ ಹತ್ತನೇ ಒಂದು ಭಾಗ ಸಾಕು. ಹತ್ತನೇ ಒಂದು ಎಂದರೂ ಕಣ್ಣಿಗದು ಮೂರನೇ ಒಂದಕ್ಕಿಂತ ತುಸು ಹೆಚ್ಚೇ ಎಂಬಂತೆ ಕಾಣುತ್ತದೆ. ಅದು ಕಣ್ಣಿನ ಲೆಕ್ಕ, ಗಾಬರಿ ಬೇಡ.

ನೇರಳೆ ಹಾಕಿದರೆ ಏನಾಗುತ್ತದೆ? ಕಣ್ಣು ನೇರಳೆಗೆ ಒಗ್ಗಿಕೊಂಡು ಅದನ್ನು ಕಳೆಯಲು ಹೊರಡುತ್ತದೆ, ಧಾರಾವಾಹಿಯ ಸೊಸೆಯ ಮುಖಕ್ಕೆ ಹಸಿರು ಛಾಯೆ ಬರುತ್ತದೆ. ಅತ್ತೆ ವಿಷ ಹಾಕಿದಳೆಂದು ನೋಡುಗರು ತಿಳಿಯುತ್ತಾರೆ. ಇನ್ನು ಪರದೆಯ ಬಣ್ಣ ಹಿಡಿದು ತಾನೂ ಬಣ್ಣ ಬದಲಿಸುವ ದೀಪಗಳಂತೂ ನಮ್ಮ ನ್ಯೂಸ್ ಚಾನೆಲ್ಲುಗಳಿಗೇ ಹೇಳಿ ಮಾಡಿಸಿದ್ದು: ಬ್ರೇಕಿಂಗ್ ನ್ಯೂಸ್ ಬಂತೆಂದರೆ ಮನೆ ಪೂರ್ತಿ ಆಂಬುಲೆನ್ಸ್.

ಡಬ್ಬಿಯ ಮೇಲೆ 1.6 ಕೋಟಿ ಬಣ್ಣ ಎಂದು ಬರೆದಿರುತ್ತದೆ. ಸುಳ್ಳಲ್ಲ, ಕೆಂಪು, ಹಸಿರು, ನೀಲಿ ಒಂದೊಂದಕ್ಕೂ 256 ಹಂತ, 256 ಗುಣಿಸು 256 ಗುಣಿಸು 256, ಒಟ್ಟು 1,67,77,216. ಅಷ್ಟರಲ್ಲಿ ನೆಟ್ಟಗಿನ ಬಿಳಿ ಒಂದಿಲ್ಲ! ಆ ಮೂರನ್ನೂ ಒಟ್ಟಿಗೆ ಉರಿಸಿ ‘ಬಿಳಿ’ ಅನ್ನುತ್ತಾರೆ. ಗೋಡೆಯ ಮೇಲೆ ಬೀಳುವುದು ನೀಲಿ ಹಾಕಿ ಒಗೆದ ಪಂಚೆಯ ಬಣ್ಣ.

ಇದಕ್ಕಿಂತ ನಮ್ಮ ಹಿರಿಯರ ಜೀರೋ ಕ್ಯಾಂಡಲ್ ಬಲ್ಬೇ ವಾಸಿ. ‘ಕತ್ತಲಲ್ಲಿ ಟಿವಿ ನೋಡಬೇಡ’ ಎಂದು ಗದರಿ ಅದೊಂದನ್ನು ಹಾಕಿ ಹೋಗುತ್ತಿದ್ದರು. ಹೆಸರಿಗೆ ಜೀರೋ, ತಿನ್ನುತ್ತಿದ್ದದ್ದು 15 ವ್ಯಾಟ್‌ವರೆಗೆ. ಹಳೆಯ ಚಕ್ರದ ಮೀಟರಿಗೆ ಅಷ್ಟು ಸಣ್ಣ ಲೋಡು ಗೊತ್ತಾಗುತ್ತಿರಲಿಲ್ಲ, ಹಾಗಾಗಿ ಬಿಲ್ಲಿನಲ್ಲಿ ಮಾತ್ರ ಜೀರೋ. ಬಣ್ಣ ಹಳದಿಯಾಯಿತೇ ಹೊರತು ತತ್ತ್ವ ಸರಿಯಿತ್ತು. ಅದು ಸ್ಟ್ರೋಬ್ ಅಂತೂ ಮಾಡುತ್ತಿರಲಿಲ್ಲ, ವೋಲ್ಟೇಜ್ ಕೈಕೊಟ್ಟಾಗ ಬಿಟ್ಟು.

ಅಂಟಿಸುವ ಕಲೆಯೂ ನೋಡುವಂಥದ್ದೇ. 55 ಇಂಚಿನ ಟಿವಿಯ ಬೆನ್ನಿಗೆ, ಅಂಚಿನಿಂದ 2 ಇಂಚು ಒಳಗೆ, ನಾಲ್ಕೂ ಬದಿ ಸುತ್ತಲು ಸುಮಾರು 3.4 ಮೀಟರ್ ಸ್ಟ್ರಿಪ್ ಸಾಕು. 5 ಮೀಟರ್ ತರುತ್ತಾರೆ, ಕತ್ತರಿಸಲು ಮನಸ್ಸು ಬಾರದೆ ಉಳಿದದ್ದನ್ನು ಶೋಕೇಸಿನವರೆಗೆ ಎಳೆಯುತ್ತಾರೆ. ಕರೆಂಟು ಎಲ್ಲಿಂದ? ಟಿವಿಯ ಯುಎಸ್‌ಬಿಯಿಂದ. ಯುಎಸ್‌ಬಿ 2.0 ಕೊಡಬೇಕಾದದ್ದು 5 ವೋಲ್ಟ್, ಅರ್ಧ ಆಂಪಿಯರ್, ಅಂದರೆ ಎರಡೂವರೆ ವ್ಯಾಟ್. ದೂರ ಹೋದಂತೆ ವೋಲ್ಟೇಜ್ ಇಳಿಯುತ್ತದೆ. ನೀಲಿ ಹಸಿರಿಗೆ 3 ವೋಲ್ಟ್ ಆಸುಪಾಸು ಬೇಕು, ಕೆಂಪಿಗೆ 2 ಸಾಕು. ಹೀಗಾಗಿ ಸ್ಟ್ರಿಪ್ಪಿನ ಬಾಲ ಕೆಂಪಗೆ ತಿರುಗುತ್ತದೆ. ಮೂಲೆಯಲ್ಲಿ ಲಕೋಟೆ ಮಡಚಿದ ಹಾಗೆ ಮಡಚಿ ತಾಮ್ರದ ಗೆರೆ ಮುರಿಯುತ್ತಾರೆ. ಧೂಳು ಒರೆಸದೆ ಅಂಟಿಸಿದ್ದು ಯುಗಾದಿಯ ಹೊತ್ತಿಗೆ ತೋರಣವಾಗಿ ಜೋತಾಡುತ್ತದೆ.

ಅಂಟಿದರೂ ಬೆಳಕು ಬೀಳುವುದು ಯಾವುದರ ಮೇಲೆ? ಮಾರ್ಬಲ್ಲಿನಂತೆ ಮಿರಮಿರ ಮಿಂಚುವ ಪಿವಿಸಿ ಶೀಟಿನ ಮೇಲೆ. ಬೆಳಕು ಹರಡಲು ಮಂಕಾದ ಬಿಳಿ ಅಥವಾ ಬೂದು ಗೋಡೆ ಬೇಕು. ಹೊಳೆಯುವ ಶೀಟು ಒಂದೊಂದು ಎಲ್‌ಇಡಿಯನ್ನೂ ಬಿಡಿಬಿಡಿಯಾಗಿ ತೋರಿಸುತ್ತದೆ, ಮುತ್ತಿನ ಸರ. ಟಿವಿಯನ್ನು ಗೋಡೆಗೆ ಒತ್ತಿ ಕೂರಿಸಿದ್ದರಂತೂ ಬೆಳಕು ಹರಡಲು ಜಾಗವೇ ಇಲ್ಲ, ಮುಗಿದೇ ಹೋಯಿತು.

ಇಷ್ಟೆಲ್ಲ ನಗಬಹುದು. ಆದರೆ ಫಾಲ್ಸ್ ಸೀಲಿಂಗ್‌ನಲ್ಲಿ ಸೋಫಾದ ನೆತ್ತಿಗೆ ಆರು ಸ್ಪಾಟ್‌ಲೈಟ್ ಕೂರಿಸಿ, ಆರೂ ಪರದೆಯಲ್ಲಿ ಪ್ರತಿಫಲಿಸುವಂತೆ ಮಾಡಿ, ಅದಕ್ಕೆ ಸಾವಿರಾರು ರೂಪಾಯಿ ಎಣಿಸಿಕೊಂಡು ಹೋಗುವವರನ್ನು ನೆನೆದರೆ ನಗು ಬರುವುದಿಲ್ಲ. ಸಾಲ ಮಾಡಿ ಮನೆ ಕಟ್ಟಿದವರು ಪ್ರತಿ ರಾತ್ರಿ ಆ ಆರು ಚುಕ್ಕೆಗಳ ಸಂದಿನಲ್ಲಿ ಸಿನಿಮಾ ಹುಡುಕಬೇಕು. ದೀಪ ಟಿವಿಯ ಹಿಂದಿರಬೇಕು, ಎದುರಿಗಲ್ಲ. ಇಷ್ಟನ್ನು ತಿಳಿಯಲು ಡಿಪ್ಲೊಮಾ ಬೇಡ, ಆ ಸೋಫಾದಲ್ಲಿ ಐದು ನಿಮಿಷ ಕೂತರೆ ಸಾಕಿತ್ತು. ಯಾರೂ ಕೂರಲಿಲ್ಲ.

ಕೆಲವು ಟಿವಿಗಳಲ್ಲಿ ಇನ್ನೊಂದು ಗುಣ: ಟಿವಿ ಆರಿಸಿದರೂ ಯುಎಸ್‌ಬಿಗೆ ಕರೆಂಟು ಹರಿಯುತ್ತಲೇ ಇರುತ್ತದೆ. ರಾತ್ರಿ ಎರಡಕ್ಕೆ ನೀರು ಕುಡಿಯಲು ಎದ್ದ ಅಜ್ಜಿ ನೇರಳೆ ಬೆಳಕಿನ ಹಾಲ್‌ನಲ್ಲಿ ನಿಂತು ಸ್ವಿಚ್ ಹುಡುಕುತ್ತಾರೆ. ಸ್ವಿಚ್ ಟಿವಿಯ ಹಿಂದಿದೆ, ಮಾರ್ಬಲ್ ಶೀಟಿನ ಒಳಗೆ, ಸ್ಕ್ರೂ ಬಿಗಿದು.