ಮೂರನೆಯ ಬಿಂದು

ಹತ್ತನೆಯ ತರಗತಿಯ ಪರೀಕ್ಷೆ ಹತ್ತಿರವಾದಂತೆ ಗಣಿತ ಕಲಿಸುವವರ ನಡುವೆ ಪ್ರತಿ ವರ್ಷವೂ ಕೇಳಿಬರುವ ಒಂದು ಸಲಹೆಯನ್ನು ನಾನು ಒಪ್ಪಲಾರೆ. ರೇಖಾತ್ಮಕ ಸಮೀಕರಣದ ನಕ್ಷೆಗೆ ಎಕ್ಸ್ ಸೊನ್ನೆಯಾದಾಗ ವೈ ಎಷ್ಟು, ವೈ ಸೊನ್ನೆಯಾದಾಗ ಎಕ್ಸ್ ಎಷ್ಟು ಎಂದು ಎರಡು ಬಿಂದುಗಳನ್ನು ಕಂಡುಹಿಡಿದು ಗೆರೆ ಎಳೆಯುವುದನ್ನು ಕಲಿಸಿದರೆ ಸಾಕು, ಎಕ್ಸ್, ವೈ ಬೆಲೆಗಳ ಉದ್ದನೆಯ ಕೋಷ್ಟಕ ಬರೆಸುವುದು ಸಮಯ ಹಾಳು ಎಂಬುದು ಆ ಸಲಹೆ. ಎರಡು ಬಿಂದುಗಳ ಮೂಲಕ ಒಂದೇ ಸರಳರೇಖೆ ಹಾಯುತ್ತದೆ ಎಂಬುದು ನಿಜ. ಆದರೆ ರೇಖಾಗಣಿತಕ್ಕೆ ಸಾಕಾದದ್ದು ಕಲಿಯುವ ಮಗುವಿಗೂ ಸಾಕು ಎಂದು ತಿಳಿಯುವುದು ತಪ್ಪು.

ಶಿರಸಿ ಕಡೆಯ ಪ್ರೌಢಶಾಲೆಯಲ್ಲಿ ನಾನು ಕಲಿಸುವ ಮಕ್ಕಳಲ್ಲಿ ಹೆಚ್ಚಿನವರು ಅಡಿಕೆ ತೋಟ ನೋಡಿಕೊಂಡೇ ಬೆಳೆದವರು. ಸಸಿ ನೆಡುವಾಗ ಸುಮಾರು ಒಂಬತ್ತು ಅಡಿಗೊಂದರಂತೆ ಗೂಟ ಹೊಡೆದು ಹಗ್ಗ ಹಿಡಿಯುವುದನ್ನು ಅವರು ಕಂಡಿದ್ದಾರೆ. ಎರಡು ಗೂಟ ಹೊಡೆದಾಗ ಸಾಲು ಸೊಟ್ಟಗಿದೆಯೆಂದು ಯಾರೂ ಹೇಳಲಾರರು. ಮೂರನೆಯದನ್ನು ಹೊಡೆದು ಒಂದು ಕಣ್ಣು ಮುಚ್ಚಿ ನೋಡಿದಾಗ ಮಾತ್ರ ತಪ್ಪು ತಿಳಿಯುತ್ತದೆ. ಕೋಷ್ಟಕದ ಮೂರನೆಯ ಬಿಂದು ಮಾಡುವ ಕೆಲಸವೂ ಅದೇ.

ಕಳೆದ ವರ್ಷ 2ಎಕ್ಸ್ + 3ವೈ = 12 ಎಂಬ ಸಮೀಕರಣ ಕೊಟ್ಟಾಗ ಒಬ್ಬ ಹುಡುಗ ಎಕ್ಸ್‌ಗೆ −3, 0, 3 ಎಂಬ ಬೆಲೆಗಳನ್ನು ಆರಿಸಿಕೊಂಡಿದ್ದ. ಸೊನ್ನೆಗೆ 4, ಮೂರಕ್ಕೆ 2 ಎಂದು ಸರಿಯಾಗಿಯೇ ಬರೆದ. ಋಣ ಮೂರರ ಬಳಿ ಬಂದಾಗ ಹನ್ನೆರಡಕ್ಕೆ ಆರನ್ನು ಕೂಡಿಸುವ ಬದಲು ಕಳೆದು, ಅಲ್ಲಿಯೂ 2 ಎಂದೇ ಬರೆದ. ಗ್ರಾಫ್ ಹಾಳೆಯ ಮೇಲೆ ಮೂರು ಬಿಂದು ಗುರುತಿಸಿ ಸ್ಕೇಲು ಇಟ್ಟವನು ಸ್ವಲ್ಪ ಹೊತ್ತು ಸುಮ್ಮನೆ ಕುಳಿತು, "ಅಕ್ಕೋರೆ, ಇದು ಗೆರೆ ಆಗೂದಿಲ್ಲ, ಮನೆ ಮಾಡು ಆಗ್ತದೆ" ಎಂದ. ನಾನು ಏನನ್ನೂ ತಿದ್ದಲಿಲ್ಲ. "ತಮಾ, ಮೂರರಲ್ಲಿ ಯಾವುದು ತಪ್ಪಿರಬಹುದು, ನೀನೇ ಹುಡುಕು" ಎಂದೆ. ಎರಡು ನಿಮಿಷದಲ್ಲಿ ಅವನು 2ನ್ನು ಹೊಡೆದುಹಾಕಿ 6 ಎಂದು ಬರೆದ. ಅವನು ಋಣ ಮೂರು ಮತ್ತು ಸೊನ್ನೆ ಎಂಬ ಎರಡೇ ಬೆಲೆಗಳನ್ನು ತೆಗೆದುಕೊಂಡಿದ್ದರೆ, ಕೆಳಗಿಳಿಯಬೇಕಾದ ಗೆರೆ ಮೇಲಕ್ಕೇರಿರುತ್ತಿತ್ತು; ನೋಡಲು ನೇರವಾಗಿಯೇ ಇರುತ್ತಿದ್ದುದರಿಂದ ಅವನಿಗೆ ಸಂಶಯವೂ ಬರುತ್ತಿರಲಿಲ್ಲ.

ಸೊನ್ನೆ ಹಾಕುವ ಸುಲಭದ ದಾರಿ ವೈ = 2ಎಕ್ಸ್ ಎಂಬಲ್ಲಿ ಮುಗಿದೇ ಹೋಗುತ್ತದೆ. ಎರಡೂ ಸಲ ಎಕ್ಸ್, ವೈ ಎರಡೂ ಸೊನ್ನೆಯಾಗಿರುವ ಮೂಲಬಿಂದುವೇ ಸಿಗುವುದರಿಂದ, ಆ ದಾರಿಯೊಂದನ್ನೇ ಬಾಯಿಪಾಠ ಮಾಡಿದ ಮಗು ಅಲ್ಲಿಯೇ ಪೆನ್ಸಿಲ್ ಕೆಳಗಿಡುತ್ತದೆ.

ಬೆಲೆ ಆರಿಸುವುದನ್ನೂ ಕಲಿಸಬೇಕು. ಆ ಹುಡುಗನ 2ಎಕ್ಸ್ + 3ವೈ = 12 ಸಮೀಕರಣದಲ್ಲಿ ಎಕ್ಸ್‌ಗೆ 1 ಹಾಕಿದರೆ ವೈ 10/3 ಆಗಿ ಗುರುತಿಸಲು ಕಷ್ಟವಾಗುತ್ತದೆ. 0, 3, 6 ಹಾಕಿದರೆ 4, 2, 0 ಸಿಗುತ್ತದೆ. ಎಕ್ಸ್ ಮೂರು ಹೆಚ್ಚಿದಾಗಲೆಲ್ಲ ವೈ ಎರಡು ಇಳಿಯುತ್ತದೆ ಎಂಬುದನ್ನು ಮಕ್ಕಳು ಕೋಷ್ಟಕದಲ್ಲಿಯೇ ಕಾಣುತ್ತಾರೆ. ಮುಂದೆ ರೇಖೆಯ ಇಳಿಜಾರು ಎಂದು ಓದುವುದು ಇದನ್ನೇ.

ಋಣ ಬೆಲೆಗಳ ಭಯ ಹೋಗಲಾಡಿಸಲು ನಾನು ಗುಡ್ಡದಿಂದ ಪೈಪಿನಲ್ಲಿ ಇಳಿದುಬರುವ ಅಬ್ಬಿ ನೀರನ್ನು ನೆನಪಿಸುತ್ತೇನೆ. ತೊಟ್ಟಿಯಲ್ಲಿ ಈಗ 20 ಲೀಟರ್ ಇದ್ದು, ನಿಮಿಷಕ್ಕೆ 5 ಲೀಟರ್ ಬೀಳುತ್ತಿದ್ದರೆ, ಎಕ್ಸ್ ನಿಮಿಷದ ನಂತರ ಇರುವ ನೀರು ವೈ = 5ಎಕ್ಸ್ + 20 ಲೀಟರ್. ಎಕ್ಸ್ −4 ಆದಾಗ ವೈ ಸೊನ್ನೆ ಎಂದರೇನು ಎಂದು ಕೇಳಿದರೆ, ನೀರು ಹೀಗೆಯೇ ಬೀಳುತ್ತಿದ್ದರೆ ನಾಲ್ಕು ನಿಮಿಷದ ಹಿಂದೆ ತೊಟ್ಟಿ ಖಾಲಿಯಿತ್ತು ಎಂದು ಅವರೇ ಹೇಳುತ್ತಾರೆ.

ಸಮೀಕರಣವೂ ಗೆರೆಯೂ ಒಂದೇ ಸಂಗತಿಯ ಎರಡು ರೂಪಗಳು ಎಂಬ ವಿಚಾರವನ್ನು ಫ್ರಾನ್ಸಿನ ಗಣಿತಜ್ಞ ಡೆಕಾರ್ಟ್ ಪ್ರಕಟಿಸಿದ್ದು 1637ರಲ್ಲಿ. ಅಷ್ಟು ದೊಡ್ಡ ವಿಚಾರ ಮಗುವಿಗೆ ಒಂದೇ ಪೀರಿಯಡ್ಡಿನಲ್ಲಿ ದಕ್ಕಬೇಕೆಂದು ಅವಸರ ಮಾಡುವುದು ನನಗೆ ನೋವಿನ ವಿಷಯ. ಆದ್ದರಿಂದಲೇ ಗೆರೆ ಎಳೆದ ಮೇಲೆ ನಾನು ಮಕ್ಕಳನ್ನು ಹಿಂದಕ್ಕೂ ನಡೆಸುತ್ತೇನೆ: ಕೋಷ್ಟಕದಲ್ಲಿ ಇಲ್ಲದ ಒಂದು ಬಿಂದುವನ್ನು ಗೆರೆಯ ಮೇಲಿಂದ ಓದಿ, ಸಮೀಕರಣಕ್ಕೆ ಹಾಕಿ ನೋಡಲು ಹೇಳುತ್ತೇನೆ. ಆ ಹುಡುಗನ ತರಗತಿಯ ಹುಡುಗಿಯೊಬ್ಬಳು 2ಎಕ್ಸ್ + 3ವೈ = 12ರ ಗೆರೆಯ ಮೇಲೆ ಎಕ್ಸ್ ಒಂದೂವರೆ, ವೈ ಮೂರು ಇರುವಲ್ಲಿ ಬೆರಳಿಟ್ಟು ಲೆಕ್ಕ ಮಾಡಿದಳು. ಮೂರಕ್ಕೆ ಒಂಬತ್ತು ಕೂಡಿ ಹನ್ನೆರಡಾಯಿತು. "ಗೆರೆ ಮೇಲಿನ ಎಲ್ಲಾ ಬಿಂದೂ ಹೀಗೇ ಬರ್ತದ ಅಕ್ಕೋರೆ?" ಎಂದು ಕೇಳಿದವಳು ನನ್ನ ಉತ್ತರಕ್ಕೂ ಕಾಯದೆ, ಬೆರಳನ್ನು ಗೆರೆಯ ಮೇಲೆ ಸ್ವಲ್ಪ ಕೆಳಕ್ಕೆ ಜಾರಿಸಿ ಮುಂದಿನ ಬಿಂದುವನ್ನು ಓದತೊಡಗಿದಳು.